ಸಿಡಿಲಿನ ಉಂಡೆ ಕಂಡವಳ ಹಿಂದೆ ಚೀನಾಕ್ಕೆ

ಮಿಯಾಪುರ

ಚೀನಾಕ್ಕೆ ಹೋಗಬೇಕಾಗಿದ್ದವಳು ನಾನು. ಕರೆ ಬಂದದ್ದು ಗೌರಾಗೆ. ನಾನು ಅವಳ ಜೊತೆಗಾತಿಯಾಗಿ, ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸುವವಳಾಗಿ, ಕಡೆಕಡೆಗೆ ಅವಳ ಚೀಲ ಹೊರುವವಳಾಗಿ ಹೋಗಿಬಂದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಈ ಬರಹದಲ್ಲಿ ಎಲ್ಲಾದರೂ ಸುಟ್ಟ ವಾಸನೆ ಬಂದರೆ ನೀವು ಎದ್ದುಹೋಗಿ ಒಲೆ ನೋಡಬೇಕಾಗಿಲ್ಲ, ಅದು ನನ್ನ ಹೊಟ್ಟೆಯಿಂದ ಬರುತ್ತಿರುವುದು.

ಗೌರಾ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಭಾಲ್ಕಿ ಕಡೆಯಿಂದ ಹೈದರಾಬಾದಿಗೆ ಬಂದ ಹೊಸತರಲ್ಲಿ ನಾವೆಲ್ಲ ನಾಚಾರಂನ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಮೈದುನ ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್, ನನ್ನ ಗಂಡ ಬ್ಯಾಂಕಿನಲ್ಲಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಗೌರಾಳ ಕೈಯಲ್ಲಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಬೆಳಕಿನ ಉಂಡೆಯೊಂದು ಒಳಗೆ ಬಂತು. ಸ್ವಲ್ಪ ಹೊತ್ತು ತೇಲಾಡಿತು. ಗೋಡೆಯ ಮೇಲಿನ ವೈರಿನಗುಂಟ ಹೋಗಿ ಮೀಟರಿನ ಹತ್ತಿರ ಢಂ ಎಂದು ಒಡೆದು ಮಾಯವಾಯಿತು. ಸಿಡಿಲಿನ ಉಂಡೆ! ವಿಜ್ಞಾನಿಗಳು ಇವತ್ತಿಗೂ ಇದು ಇಂಥದ್ದೇ ಎಂದು ಎದೆ ತಟ್ಟಿ ಹೇಳಲಾರದ, ಜನ್ಮವಿಡೀ ಕಾದರೂ ಕಣ್ಣಿಗೆ ಬೀಳುವ ಭರವಸೆಯಿಲ್ಲದ ವಸ್ತು. ಅದರ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ನಾನು ಪಕ್ಕದ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದೆ. ನನ್ನ ಪಾಲಿಗೆ ಬಂದದ್ದು ಢಂ ಎನ್ನುವ ಸಪ್ಪಳ ಮಾತ್ರ.

ಅವಳು ನನ್ನನ್ನು ಎಬ್ಬಿಸಲಿಲ್ಲ. ಒಂದೇ ಒಂದು ಕೂಗು ಹಾಕಿದ್ದರೆ ಸಾಕಾಗಿತ್ತು. "ಯಾಕ ಕೂಗಲಿಲ್ಲ ನೀ?" ಎಂದು ಕೇಳಿದಾಗಲೆಲ್ಲ "ಗಾಬರಿ ಆಗಿತ್ರಿ ಅಕ್ಕಾರ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ನಾನು ನಂಬಲಿಲ್ಲ. ಮನೆಯಲ್ಲಿ ಓದಿದವಳು ಎಂಬ ಹೆಸರು ನನಗಿತ್ತಲ್ಲ, ಇದೊಂದಾದರೂ ತನ್ನೊಬ್ಬಳದೇ ಆಗಿರಲಿ ಎಂದು ಬೇಕಂತಲೇ ಸುಮ್ಮನಿದ್ದಳು ಎಂದು ನನ್ನ ಗಟ್ಟಿ ನಂಬಿಕೆ. ಮದುವೆ, ಬಸುರಿಯ ಕುಬಸ, ತೊಟ್ಟಿಲು ಯಾವುದೇ ಇರಲಿ, ಹೆಂಗಸರು ಅವಳ ಸುತ್ತ ಕೂತು "ಆ ಉಂಡಿ ಕಥಿ ಹೇಳವಾ ಗೌರಾ" ಎನ್ನುತ್ತಿದ್ದರು. ನಾನು ವಿಜ್ಞಾನ ಸೇರಿಸಲು ಬಾಯಿ ತೆರೆದರೆ ಎಲ್ಲರಿಗೂ ಚಹಾದ ನೆನಪಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ಚೀನೀ ವೈಜ್ಞಾನಿಕ ಕಾದಂಬರಿ ಇಂಗ್ಲಿಷಿನಲ್ಲಿ ಕೈಗೆ ಬಂತು. ಇದೇ ಸಿಡಿಲಿನ ಉಂಡೆಯ ಬೆನ್ನು ಹತ್ತಿದ ಸಂಶೋಧಕಿಯ ಕಥೆ. ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಅವಳು ಕಾಯುತ್ತಾಳೆ, ಅಡುಗೆಯವನಿಗೆ ಕಾಣುತ್ತದೆ, ಕುರಿ ಕಾಯುವವನಿಗೆ ಕಾಣುತ್ತದೆ, ಅವಳಿಗೆ ಮಾತ್ರ ಕಾಣುವುದಿಲ್ಲ. ಓದುತ್ತ ಓದುತ್ತ ನನ್ನ ಕಣ್ಣಲ್ಲಿ ನೀರು ಬಂತು. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಓದಿ ನನಗಿಂತ ಹೆಚ್ಚು ತಿಳಿದುಕೊಂಡುಬಿಡುತ್ತೀರಿ.

ಆ ಕಾದಂಬರಿಯ ಚೀನೀ ಓದುಗರದೊಂದು ಬಳಗವಿದೆ. ಇಂಟರ್ನೆಟ್ಟಿನಲ್ಲಿ ಅವರ ಪರಿಚಯವಾಗಿ, ನನ್ನ ಜ್ಞಾನವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಕೊನೆಗೆ, ನಮ್ಮ ಮನೆಯಲ್ಲೂ ಒಬ್ಬಳು ಅದನ್ನು ಕಂಡಿದ್ದಾಳೆ ಎಂದು ಜಂಬಕ್ಕೆ ಒಂದು ಮಾತು ಸೇರಿಸಿದೆ. ಉತ್ತರ ಬಂತು. ಈ ಸಲದ ಬೇಸಿಗೆಯ ಸಭೆಗೆ ಕಂಡವರು ಬರಲೇಬೇಕು, ಜೊತೆಗೆ ಒಬ್ಬರನ್ನು ಕರೆತರಬಹುದು. ಆ "ಒಬ್ಬರು" ನಾನು. ನನ್ನ ಜ್ಞಾನದ ಸುದ್ದಿಯೇ ಇಲ್ಲ.

ಆದರೂ ಹೊರಟೆ. ಸಭೆ ಮುಗಿದ ಮೇಲೆ ಎಲ್ಲರನ್ನೂ ಸಿಡಿಲು ಹೆಚ್ಚು ಬೀಳುವ ಬೆಟ್ಟಕ್ಕೆ ಕರೆದೊಯ್ಯುತ್ತೇವೆ ಎಂದು ಬರೆದಿದ್ದರು. ಸಾಯುವುದರೊಳಗೆ ಒಂದು ಸಲ, ಈ ಕಣ್ಣಿಂದ ಅದನ್ನು ನೋಡಬೇಕು. ನನಗೆ ಬೇಕಿದ್ದದ್ದು ಅಷ್ಟೇ. ನೋಡಿಬಿಟ್ಟರೆ ಗೌರಾ ಮತ್ತು ನಾನು ಬರೋಬ್ಬರಿ.

ಶಂಶಾಬಾದ್ ದಾಟಿ

ಗೌರಾ ಈಗ ಗಂಡ, ಮಗನ ಜೊತೆ ಶಂಶಾಬಾದಿನಲ್ಲೇ ಇರುವುದರಿಂದ ವಿಮಾನ ನಿಲ್ದಾಣ ಅವಳಿಗೆ ಹಿತ್ತಲ ಬಾಗಿಲು. ನಾನು ಮಿಯಾಪುರದಿಂದ ಊರಿನ ಅರ್ಧ ಟ್ರಾಫಿಕ್ಕು ಕುಡಿದು ಬೆವರಿ ತಲುಪಿದಾಗ ಅವಳು ಇಳಕಲ್ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಬೀಗರ ಮನೆಗೆ ಹೊರಟವಳಂತೆ ನಿಂತಿದ್ದಳು. ಇಂಥ ಹೆಣ್ಣುಮಗಳು ಚೀನಾದಲ್ಲಿ ಏನು ಪಾಡು ಪಡುತ್ತಾಳೋ ಎಂದು ನನಗೆ ಸ್ವಲ್ಪ ಖುಷಿಯೇ ಆಯಿತು.

ಚೀನಾದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವಾಗ ಮತ್ತೆ ತಪಾಸಣೆ. ಗೌರಾಳ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅಲ್ಲಿಯ ತಪಾಸಣೆಯ ಹುಡುಗಿ ಅದನ್ನು ತೆಗೆದು ಪ್ಲಾಸ್ಟಿಕ್ ತಟ್ಟೆಗೆ ಹಾಕು ಎಂದು ಸನ್ನೆ ಮಾಡಿದಳು. ತಟ್ಟೆಯಲ್ಲಿ ಆಗಷ್ಟೇ ಯಾರದೋ ಬೂಟು ಹೋಗಿತ್ತು. ಗೌರಾ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು "ಆಗಾಂಗಿಲ್ರಿ" ಎಂದಳು. ನಾನು ಮುಂದೆ ನುಗ್ಗಿ ನಮ್ಮ ಧರ್ಮ, ಅದರ ಇತಿಹಾಸ, ಲಿಂಗಧಾರಣೆಯ ಅರ್ಥ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಹುಡುಗಿ ನನ್ನನ್ನು ಪಕ್ಕಕ್ಕೆ ಸರಿಸಿದಳು.

ಗೌರಾ ಕರಡಿಗೆ ಬಿಚ್ಚಿದಳು. ಮುಂಜಾನೆ ಪೂಜೆಗೆ ಕೂತಾಗ ಮಾಡುವಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಆ ಹುಡುಗಿಯ ಮುಂದೆ ಹಿಡಿದಳು. ಹುಡುಗಿ ಬಗ್ಗಿ ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಗೌರಾಳ ಅಂಗೈಯ ಕೆಳಗೆ, ಬಿದ್ದೀತು ಎನ್ನುವಂತೆ ಬೊಗಸೆ ಹಿಡಿದಳು. ಅಲ್ಲಿ ಗೌರವದಿಂದ ಏನನ್ನು ಕೊಡುವುದಿದ್ದರೂ ತೆಗೆದುಕೊಳ್ಳುವುದಿದ್ದರೂ ಎರಡೂ ಕೈ ಬಳಸುತ್ತಾರೆಂದು ಆಮೇಲೆ ತಿಳಿಯಿತು. ತಲೆ ತಗ್ಗಿಸಿ, ಹೋಗಿ ಎಂದು ದಾರಿ ತೋರಿದಳು. ನನ್ನ ಚೀಲವನ್ನು ಮಾತ್ರ ಮೇಜಿನ ಮೇಲೆ ಸುರುವಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು, ಮೂಸಿ, ಸೀನಿ, ಮತ್ತೊಬ್ಬನನ್ನು ಕರೆದು ಅವನಿಗೂ ಮೂಸಿಸಿದರು. ಚಟ್ನಿಪುಡಿ ಗೌರಾಳದು. ತನ್ನ ಚೀಲದಲ್ಲಿ ಜಾಗವಿಲ್ಲವೆಂದು ನನ್ನದರಲ್ಲಿ ಇಟ್ಟಿದ್ದಳು.

ಶಿನಿಂಗ್

ಸಭೆ ಇಟ್ಟುಕೊಂಡಿದ್ದ ಶಿನಿಂಗ್ ಎತ್ತರದ ಬಯಲುನಾಡಿನ ಊರು. ನಮ್ಮಲ್ಲಿ ಫ್ಯಾನಿನ ಕೆಳಗೂ ಬೆವರುವ ದಿನಗಳಲ್ಲಿ ಅಲ್ಲಿ ಶಾಲು ಬೇಕು. ಸ್ಟೇಷನ್ನು, ಬ್ಯಾಂಕು, ಹೋಟೆಲಿನ ಪಡಸಾಲೆ, ಎಲ್ಲಿ ನೋಡಿದರೂ ಬಿಸಿನೀರಿನ ನಲ್ಲಿ. ಜನ ಮುಚ್ಚಳದ ಬಾಟಲಿ ಹಿಡಿದು ಬಂದು ತುಂಬಿಸಿಕೊಂಡು, ಅದನ್ನೇ ಗುಟುಕರಿಸುತ್ತ ತಿರುಗುತ್ತಾರೆ. ತಣ್ಣೀರು ಕೇಳಿದರೆ ಮೈಗೆ ಹುಷಾರಿಲ್ಲವೇ ಎಂದು ನೋಡುತ್ತಾರೆ. ನಮ್ಮ ಊರಿನ ಬಸ್‌ಸ್ಟ್ಯಾಂಡುಗಳನ್ನು ನೆನೆದು ಆ ನಲ್ಲಿಗಳ ಮೇಲೂ ಹೊಟ್ಟೆಕಿಚ್ಚಾಯಿತು. ಅಷ್ಟು ಬಿಸಿ ಖರೇನೇ ಇರುತ್ತದೆಯೇ ಎಂದು ಹೋಟೆಲಿನ ನಲ್ಲಿಯ ಕೆಳಗೆ ಬೆರಳು ಹಿಡಿದೆ. ಚುರ್ ಎಂದಿತು. ಗೌರಾ ಚೀಲದಿಂದ ಟೂತ್‌ಪೇಸ್ಟ್ ತೆಗೆದು ಬೆರಳಿಗೆ ಹಚ್ಚಿದಳು. ತೆಗೆದುಕೊಂಡ ರೀತಿ ನೋಡಿದರೆ ಅದನ್ನು ಇದಕ್ಕೆಂದೇ ಕೈಗೆಟಕುವ ಹಾಗೆ ಇಟ್ಟುಕೊಂಡಂತಿತ್ತು.

ಸಂಜೆ ಬಳಗದವರ ಊಟ. ಲಿನ್ ಎಂಬ ಕಾಲೇಜು ಅಧ್ಯಾಪಕಿ ನಮ್ಮ ಉಸ್ತುವಾರಿ, ಇಂಗ್ಲಿಷಿನಿಂದ ಚೀನೀ ಭಾಷೆಗೆ ಅವಳೇ ಸೇತುವೆ. ದೊಡ್ಡ ದುಂಡು ಮೇಜು. ಬಾಗಿಲಿಗೆ ಎದುರಾಗಿದ್ದ ಕುರ್ಚಿ ಗಾಳಿ ಬರುವಂತಿತ್ತು, ಹೋಗಿ ಕೂತೆ. ಇಡೀ ಕೋಣೆ ನನ್ನ ಕಡೆ ತಿರುಗಿತು. ಲಿನ್ ಬಂದು, ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮುಖ್ಯ ಅತಿಥಿಯದು ಎಂದು ಬಲು ನಯವಾಗಿ ಹೇಳಿ, ನನ್ನನ್ನು ಎಬ್ಬಿಸಿ ಬಾಗಿಲಿಗೆ ಬೆನ್ನಾದ ಕುರ್ಚಿಗೆ ಕೂಡಿಸಿದಳು. ಊಟ ತರುವವರು ನನ್ನ ಭುಜದ ಮೇಲಿಂದಲೇ ಬಡಿಸಿದರು. ಎದುರಿಗೆ, ಮದುಮಗಳ ಹಾಗೆ, ಗೌರಾ.

ಅಲ್ಲಿ ಇನ್ನೊಂದು ಪದ್ಧತಿ ಕಂಡೆ. ಗ್ಲಾಸಿಗೆ ಗ್ಲಾಸು ತಾಗಿಸುವಾಗ, ಚಿಕ್ಕವರು ತಮ್ಮ ಗ್ಲಾಸಿನ ಅಂಚನ್ನು ದೊಡ್ಡವರ ಗ್ಲಾಸಿಗಿಂತ ಕೆಳಗೆ ಹಿಡಿಯಬೇಕು. ನೀವು ನನಗಿಂತ ಮೇಲು ಎಂದು ಹೇಳುವ ರೀತಿ. ಬಳಗದ ಹಿರಿಯರು ಶಿಯಾ ಮೇಷ್ಟ್ರು, ಗೌರವಕ್ಕೆ ಎಲ್ಲರೂ ಹಾಗೆನ್ನುವುದು, ಹವಾಮಾನ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು, ಬೆಳ್ಳಗಿನ ಹುಬ್ಬು, ಕಾದಂಬರಿಯ ಸಂಶೋಧಕಿಯ ಹಾಗೆ ಕಾದೂ ಕಾದೂ ಏನೂ ಕಾಣದವರು. ಅವರು ಗೌರಾಳ ಮುಂದೆ ಬಂದು ಗ್ಲಾಸನ್ನು ಕೆಳಗೆ ಹಿಡಿದರು. ಕಂಡವಳು ದೊಡ್ಡವಳು! ಗೌರಾಗೆ ಯಾರೂ ಏನೂ ವಿವರಿಸಲಿಲ್ಲ. ಬಿಸಿನೀರಿನ ಗ್ಲಾಸು ಹಿಡಿದಿದ್ದವಳು ತನ್ನದನ್ನು ಅವರದಕ್ಕಿಂತ ಕೆಳಗೆ ಇಳಿಸಿದಳು. ಅವರು ಇನ್ನೂ ಇಳಿಸಿದರು. ಅವಳೂ ಇಳಿಸಿದಳು. ಮೇಜಿನ ಕೆಳಗೆ ಇಬ್ಬರ ಕೈಯೂ ಹೋಯಿತು. ಕೊನೆಗೆ ಗೌರಾ ಸೆರಗು ಸಾವರಿಸಿಕೊಂಡು ನೆಲದ ಮೇಲೇ ಕೂತು ಗ್ಲಾಸನ್ನು ನೆಲಕ್ಕಿಟ್ಟಳು. "ಹಿರಿಯಾರ್ರಿ ನೀವು, ನಿಮ್ಮ ಮುಂದ ನಾವೇನ್ರಿ" ಎಂದಳು. ನಾನು ಅನುವಾದ ಮಾಡುವ ಮೊದಲೇ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಗ್ಲಾಸಿಗೆ ಯಾರೂ ತಾಗಿಸಲಿಲ್ಲವೆಂದಲ್ಲ, ತಾಗಿಸಿದರು, ಸಮಸಮಕ್ಕೆ ಹಿಡಿದು.

ಸಭೆ

ಮರುದಿನ ಮುಂಜಾನೆ ಮಸೀದಿಯ ಬೀದಿಯಲ್ಲಿ ತಿಂಡಿಗೆ ಹೋದೆವು. ಬಿಳಿ ಟೋಪಿಯ ಜನ, ಬೀದಿ ಬದಿಯ ತಂದೂರು, ಒಣಹಣ್ಣಿನ ರಾಶಿ. ಒಂದು ಗಳಿಗೆ ಚಾರ್‌ಮಿನಾರಿನ ಹಿಂದಿನ ಗಲ್ಲಿ ಎನಿಸಿತು, ಆದರೆ ಹಾರ್ನಿನ ಗದ್ದಲವಿಲ್ಲ. ಅಂಗಡಿಯವನು ಹಿಟ್ಟನ್ನು ಎಳೆದೆಳೆದು ನೂಲಿನಂಥ ಶಾವಿಗೆ ಮಾಡುತ್ತಿದ್ದ. ನಾನು ಫೋನಿನ ಅನುವಾದ ತೆರೆದು ಸಸ್ಯಾಹಾರ ಎಂದು ತೋರಿಸುತ್ತಿದ್ದೆ, ಅವನಿಗೆ ಕನ್ನಡಕವಿರಲಿಲ್ಲ. ಗೌರಾ "ಸಲಾಂ ಭಾಯಿ, ಗೋಷ್ ನಕ್ಕೋ" ಎಂದಳು, ಮಾಂಸ ಬೇಡ ಎಂದು, ನಾಚಾರಂನ ತರಕಾರಿಯವನ ಜೊತೆ ಆಡುವ ಹೈದರಾಬಾದಿ ಉರ್ದುವಿನಲ್ಲಿ. ಸಲಾಂ ಒಂದೇ ತಿಳಿದಿರಬೇಕು ಅವನಿಗೆ, ಉಳಿದದ್ದನ್ನು ಅವಳ ಕೈ ಹೇಳಿತು. ನಗುತ್ತ ಅವಳ ಬಟ್ಟಲಿಗೆ ಬರೀ ಸೊಪ್ಪು, ಟೊಮೆಟೊ ಹಾಕಿ ಕೊಟ್ಟ. ನನ್ನದರಲ್ಲಿ ಮಾಂಸವಿತ್ತು. ನಾನು ಮುಂಜಾನೆ ಚಟ್ನಿಪುಡಿ ತಿಂದೆ.

ಸಭೆ ಒಂದು ಶಾಲೆಯ ಹಾಲಿನಲ್ಲಿ. ಗೌರಾ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ, ಲಿನ್ ಚೀನಿಗೆ.

"ಒಂದ ರೊಟ್ಟಿಗೆ ಹಿಡಿಯೋ ಹಿಟ್ಟಿನ ಉಂಡಿ ಇರ್ತೈತಲ್ರಿ, ಅಷ್ಟ ಇತ್ತು," ಎಂದಳು ಗೌರಾ. "ಬಣ್ಣ ಅಂದ್ರ ಹಣ್ಣ ಕುಂಬಳಕಾಯಿ ಒಳಗಿನ ಬಣ್ಣ. ಸಪ್ಪಳಿಲ್ಲ ಏನಿಲ್ಲ. ಬಂದು ಹಂಚಿನ ಮ್ಯಾಲ ನಿಂತ್ಕೊಂತು, ರೊಟ್ಟಿ ಬೆಂದೈತೇನ್ ಅಂತ ನೋಡಿದಂಗ."

ಹಿಟ್ಟಿನ ಉಂಡೆ ಎಂದರೆ ಇವರಿಗೆ ಏನು ತಿಳಿದೀತು ಎಂದು ನಾನು ಅದನ್ನು ಸುಮಾರು ಇಷ್ಟು ಅಳತೆಯ ಗೋಳ ಎಂದು ಶಾಸ್ತ್ರೀಯವಾಗಿ ಹೇಳಿದೆ. ಸಭೆ ಮಿಕಿಮಿಕಿ ನೋಡಿತು. ಗೌರಾ ಎರಡು ಕೈಯಲ್ಲಿ ಹಿಟ್ಟು ನಾದಿ, ಉಂಡೆ ಕಟ್ಟಿ ತೋರಿಸಿದಳು. ಮನೆಮನೆಯಲ್ಲೂ ಹಬೆಯಲ್ಲಿ ಬೇಯಿಸುವ ಹಿಟ್ಟಿನ ಉಂಡೆ ತಿಂದು ಬೆಳೆದ ಜನ ಅವರು. ಹಾಲಿನ ತುಂಬ "ಓ!" ಎಂದರು. ಅಷ್ಟೂ ಹೆಂಗಸರ ಕೈ ತಾನಾಗಿ ಆ ಆಕಾರಕ್ಕೆ ಬಂತು. ನಾನು ವೇದಿಕೆಯ ಮೇಲೆ ಮೈಕು ಹಿಡಿದು ಕಂಬದ ಹಾಗೆ ನಿಂತಿದ್ದೆ.

ಶಿಯಾ ಮೇಷ್ಟ್ರು ಎದ್ದು ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದಿದ್ದರೆ ಯಾಕೆ ಕೂಗಿ ಕರೆಯಲಿಲ್ಲ?

ನನ್ನ ಪ್ರಶ್ನೆಯನ್ನು ಚೀನಾದ ಮುದುಕರೊಬ್ಬರು ಇಷ್ಟು ಜನರ ಮುಂದೆ ಕೇಳಿದ್ದರು. ಗೌರಾಗೆ ಕನ್ನಡದಲ್ಲಿ ಹೇಳಿ, ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ನನ್ನ ಕಡೆ ಒಮ್ಮೆ ನೋಡಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅದನ್ನ ಇಲ್ಲಿ ಹೇಳೂದು ಬ್ಯಾಡ್ರಿ ಅಕ್ಕಾರ. ಗಾಬರಿ ಆಗಿತ್ತು ಅಂತ ಹೇಳ್ರಿ."

ಹಾಗೇ ಹೇಳಿದೆ. ಸಿಟ್ಟು ನೆತ್ತಿಗೇರಿತ್ತು. ನೋಡಿದಿರಾ, ಒಳಗೆ ಏನೋ ಇದೆ, ಬೇಕಂತಲೇ ಮುಚ್ಚಿಟ್ಟಿದ್ದಾಳೆ! ಆ ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು ಊಟ ಮಾಡಲಿಲ್ಲ.

ಬೆಟ್ಟ

ಮರುದಿನ ನಮ್ಮನ್ನು ಕರೆದೊಯ್ದ ಹಳೆಯ ಹವಾಮಾನ ಕೇಂದ್ರವಿದ್ದದ್ದು ಹುಲ್ಲುಗಾವಲಿನ ಬೆಟ್ಟದ ನೆತ್ತಿಯ ಮೇಲೆ. ಈಗ ಅಲ್ಲಿ ಉಪಕರಣಗಳಿಲ್ಲ, ಒಂದು ದೊಡ್ಡ ಕೋಣೆ, ಬೆಂಚು, ನೀರು ಕಾಯಿಸುವ ಒಲೆ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಎದುರಿನ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ಶಿಯಾ ಮೇಷ್ಟ್ರು ಕಿಟಕಿ ಬಾಗಿಲು ಹಾಕಿಸಿದರು. ಯಾರೂ ಹೊರಗೆ ಕಾಲಿಡಬಾರದು, ಗಾಜಿನ ಹಿಂದೆ ಕೂತೇ ನೋಡಬೇಕು ಎಂದು ಲಿನ್ ಎರಡೆರಡು ಸಲ ಹೇಳಿದಳು.

ಸಿಡಿಲು ಶುರುವಾಯಿತು. ನಮ್ಮಲ್ಲಿ ಸಿಡಿಲು ತಲೆಯ ಮೇಲಿಂದ ಬರುತ್ತದೆ, ಅಲ್ಲಿ ನಾವೇ ಮೋಡದ ಮಟ್ಟದಲ್ಲಿದ್ದೆವು. ನಾನು ಗಾಜಿಗೆ ಹಣೆ ಹಚ್ಚಿ ನಿಂತೆ. ಅಷ್ಟರಲ್ಲಿ ಕೆಳಗಿನ ಬೇಲಿಯ ಹತ್ತಿರ ಏನೋ ಹೊಳೆಯಿತು. ದುಂಡಗೆ, ಕೆಂಪು ಹಳದಿ. ಮಳೆ ನೀರು ಇಳಿಯುತ್ತಿದ್ದ ಗಾಜಿನಿಂದ ನೆಟ್ಟಗೆ ಕಾಣಲಿಲ್ಲ. ಬಾಗಿಲು ತೆಗೆದು ನಾಲ್ಕು ಹೆಜ್ಜೆ ಹಾಕಿದರೆ ಸಾಕು. ಮೈಮೇಲೆ ಎಚ್ಚರವಿರಲಿಲ್ಲ, ಓಡಿದೆ.

ಬಾಗಿಲಲ್ಲಿ ಗೌರಾ ನಿಂತಿದ್ದಳು. ಎರಡೂ ಕೈ ಚಾಚಿ ಚೌಕಟ್ಟಿನ ಎರಡೂ ಬದಿ ಹಿಡಿದುಕೊಂಡು.

"ಅತ್ತ ಸರಿ, ಗೌರಾ!"

"ಸರಿಯಾಂಗಿಲ್ರಿ."

"ಅಲ್ಲಿ ಐತಿ ಅದು! ಈಗ ಹೋಗತೈತಿ! ನೀ ನೋಡಿ ಆರಾಮ ಕುಂತೀ, ನಾ ನೋಡಬಾರದೇನ?" ಚೀರಿದೆ. ಅವಳ ತೋಳು ಹಿಡಿದು ಜಗ್ಗಿದೆ. ರೊಟ್ಟಿ ಬಡಿದ ತೋಳು, ಅಲುಗಲಿಲ್ಲ. "ಅವತ್ತೂ ಹಿಂಗ ಮಾಡಿದಿ. ಒಬ್ಬಾಕೀನ ನೋಡಬೇಕಾಗಿತ್ತು ನಿನಗ!"

ಗೌರಾಳ ಕಣ್ಣು ತುಂಬಿಕೊಂಡಿತು. ಕೈ ಮಾತ್ರ ಚೌಕಟ್ಟು ಬಿಡಲಿಲ್ಲ.

"ಹೌದ್ರಿ, ಅವತ್ತೂ ಹಿಂಗ ನಿಂತಿದ್ದೆ. ಅದು ಹಂಚಿನ ಮ್ಯಾಲಿಂದ ತೇಲ್ಕೊಂತ ನಿಮ್ಮ ಖೋಲಿ ಕಡೆ ಹೊಂಟಿತ್ತು. ಬಾಗಲಾ ಹಾಕೋಣಂದ್ರ ಕದಾನೇ ಇದ್ದಿಲ್ಲ ಆ ಖೋಲಿಗೆ, ಬರೇ ಪಡದೆ. ಅದಕ್ಕ ನಾನ ಅಡ್ಡ ನಿಂತೆ, ಅದು ವೈರಿನ ಕಡೆ ಹೊಳ್ಳಿತು. ಕೂಗಿದ್ರ ನೀವು ಎದ್ದು ಬರ್ತಿದ್ರಿ. ಬಂದ್ರ ಸುಮ್ಮ ನೋಡೋರಲ್ಲ ನೀವು, ಮುಟ್ಟೋರು. ಹಂಚು ಕಾದೈತೇನ್ ಅಂತ ಬೆರಳಿಟ್ಟು ನೋಡೋರು, ಮೊನ್ನೆ ಆ ನಳದಾಗ ಕೈ ಇಟ್ರಿ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನ್ರಿ? ಎಲ್ಲಾರ ಮುಂದ ಇದನ್ನ ಹೆಂಗ ಹೇಳ್ಲಿ, ಅಷ್ಟು ಓದಿದ ನಿಮಗ ಕಮ್ಮಿ ಆಗಂಗಿಲ್ಲೇನು?"

ಕೋಣೆಯಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಲಿನ್ ಮೆಲ್ಲಗೆ ನನ್ನ ಭುಜ ಮುಟ್ಟಿ, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ನಾನು ಅನುವಾದಕಿ. ಹೇಳಲೇಬೇಕಲ್ಲ.

"ನಾನು ಮಲಗಿದ್ದ ಕೋಣೆಗೆ ಬಾಗಿಲಿರಲಿಲ್ಲ," ಎಂದೆ ಇಂಗ್ಲಿಷಿನಲ್ಲಿ. "ಬಾಗಿಲಿನ ಜಾಗದಲ್ಲಿ ಅವಳು ನಿಂತಿದ್ದಳಂತೆ. ಕೂಗಿದ್ದರೆ ನಾನು ಎದ್ದು ಬಂದು ಅದನ್ನು ಮುಟ್ಟಿಬಿಡುತ್ತಿದ್ದೆನಂತೆ."

ಲಿನ್ ಚೀನಿಗೆ ತಿರುಗಿಸಿದಳು. ಶಿಯಾ ಮೇಷ್ಟ್ರು ಕಿಟಕಿ ಬಿಟ್ಟು ನನ್ನ ಹತ್ತಿರ ಬಂದರು. ಆಮೇಲೆ ನನ್ನನ್ನೇ ನೇರವಾಗಿ ಒಂದು ಪ್ರಶ್ನೆ ಕೇಳಿದರು. ಮುಟ್ಟುತ್ತಿದ್ದಿರಾ?

ಮುಟ್ಟುತ್ತಿದ್ದೆ. ಅದರಲ್ಲಿ ಸಂಶಯವೇ ಇಲ್ಲ.

ಮಳೆ ನಿಂತ ಮೇಲೆ ಎಲ್ಲರೂ ಬೇಲಿಯ ಹತ್ತಿರ ಹೋಗಿ ನೋಡಿದೆವು. ಯಾರೋ ಕುರುಬರು ಕಂಬಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುಟ್ಟಿ, ಮಿಂಚಿಗೆ ಹೊಳೆದಿತ್ತು. ಯಾರೂ ನಗಲಿಲ್ಲ, ಅದು ಅವರ ದೊಡ್ಡತನ.

ಮತ್ತೆ ಶಂಶಾಬಾದ್

ವಾಪಸು ಬರುವಾಗ ಗೌರಾ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆದಳು. ನಾನು ನಿದ್ದೆ ಮಾಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ, ಒಳಗೆ ಮಲಗಿದವಳು ಗೌರಾ ಆಗಿದ್ದರೆ, ಏನು ಮಾಡುತ್ತಿದ್ದೆ? ಉಂಡೆಯ ಹಿಂದೆ ಹೋಗುತ್ತಿದ್ದೆ. ಪಡದೆಯ ಆಚೆ ಒಬ್ಬಳು ಜ್ವರದಲ್ಲಿ ಮಲಗಿದ್ದಾಳೆ ಎಂಬುದು ನನಗೆ ಹೊಳೆಯುತ್ತಲೂ ಇರಲಿಲ್ಲ. ಇಷ್ಟು ಕಾಲ ಅವಳು ಕಂಡದ್ದಕ್ಕೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಅದು ಹೋಗಿ, ಅವಳು ಅಲ್ಲಿ ನಿಂತಳಲ್ಲ, ನಿಲ್ಲಬೇಕು ಎಂದು ಅವಳಿಗೆ ಹೊಳೆಯಿತಲ್ಲ, ಅದಕ್ಕೆ ಹೊಟ್ಟೆ ಉರಿಯತೊಡಗಿತು. ಇದು ಮೊದಲಿನದಕ್ಕಿಂತ ಕೆಟ್ಟ ಉರಿ. ಉಂಡೆಯಾದರೂ ಎಂದೋ ಒಂದು ದಿನ ನನಗೂ ಕಂಡೀತು ಎನ್ನಬಹುದಿತ್ತು.

ನಿಲ್ದಾಣದ ಹೊರಗೆ ಮೈದುನ, ಮಗ, ಸೊಸೆ ಹೂವಿನ ಹಾರ ಹಿಡಿದು ನಿಂತಿದ್ದರು, ಗೌರಾಗೆ. ನಾನು ಹಿಂದಿನಿಂದ ಎರಡೂ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಬಂದೆ. ಮನೆಗೆ ಹೋದೊಡನೆ ಅವಳು ಸೀರೆ ಬದಲಿಸದೆಯೇ ಒಲೆ ಹಚ್ಚಿ ಚಹಾ ಮಾಡಿ, ನನಗೊಂದು ಕಪ್ಪು ಕೊಟ್ಟು, ತಾನೊಂದು ಹಿಡಿದುಕೊಂಡು ಸೋಫಾದ ಮೇಲೆ ಪಕ್ಕದಲ್ಲಿ ಕೂತಳು.

"ಬರೇ ಬಿಸಿನೀರು ಕುಡದ ಕುಡದ ಬ್ಯಾಸತ್ತು ಹೋಗಿತ್ರಿ ನನ್ನ ಜೀವ," ಎಂದಳು.

ನಾನು ನನ್ನ ಕಪ್ಪನ್ನು ಅವಳ ಕಪ್ಪಿನ ಹತ್ತಿರ ಒಯ್ದೆ. ತಾಗಿಸುವ ಮೊದಲು ನನ್ನದನ್ನು ಕೆಳಗೆ ಇಳಿಸಿದೆ.

ಗೌರಾ ಬೆಚ್ಚಿದಳು. "ಅಯ್ಯ, ಏನ್ ಮಾಡಾಕತ್ತೀರಿ ಅಕ್ಕಾರ? ದೊಡ್ಡೋರು ನೀವು!" ತಟ್ಟನೆ ತನ್ನ ಕಪ್ಪನ್ನು ನನ್ನದಕ್ಕಿಂತ ಕೆಳಗೆ ತಂದಳು. ನಾನು ಮೊಣಕಾಲಿನ ಮಟ್ಟಕ್ಕೆ ಇಳಿಸಿದೆ. ಅವಳೂ ಇಳಿಸಿದಳು. "ಸುಮ್ಮಿರ ಗೌರಾ, ಇದೊಂದ ಸಲ," ಎಂದು ನಾನು ನೆಲಕ್ಕೆ ಇಳಿಯಲು ಹೋದೆ. ಸಂಧಿವಾತದ ಮೊಣಕಾಲು ಬಗ್ಗಲಿಲ್ಲ. ಚಹಾ ತುಳುಕಿ ಸೀರೆಯ ಮೇಲೆ ಬಿತ್ತು. ಅಷ್ಟರಲ್ಲಿ ಅವಳು ಸೆರಗು ಸಾವರಿಸಿಕೊಂಡು ನೆಲದ ಮೇಲೆ ಕೂತು, ಕಪ್ಪನ್ನು ನೆಲಕ್ಕಿಟ್ಟು, ತಲೆಯೆತ್ತಿ ನನ್ನನ್ನು ನೋಡಿ ನಗುತ್ತಿದ್ದಳು.

ಅದರಲ್ಲೂ ಅವಳೇ ಗೆದ್ದಳು.